ಹಸಿರು ಬ್ಯಾಡ್ಜಿನ ಭಾವ

ನಮ್ಮ ಭಾವನಿಗೆ ಒಂದು ಹಸಿರು ಬ್ಯಾಡ್ಜು ಬಂದದ್ದೇ ಈ ಎಲ್ಲ ರಾಮಾಯಣಕ್ಕೆ ಮೂಲ. ಅದರ ಮೇಲೆ ಬಿಳಿಯ ಅಕ್ಷರಗಳಲ್ಲಿ ‘ಪ್ರಥಮ ಚಿಕಿತ್ಸಕ’ ಎಂದಿತ್ತು. ಅದನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡ ದಿನದಿಂದ ಅವರ ನಡಿಗೆಯೇ ಬದಲಾಯಿತು. ರಸ್ತೆಯಲ್ಲಿ ಯಾರಾದರೂ ಜೋರಾಗಿ ಕೆಮ್ಮಿದರೆ ಸಾಕು, ಗಕ್ಕನೆ ನಿಂತು ತಿರುಗಿ ನೋಡುತ್ತಿದ್ದರು. ಕೆಮ್ಮು ತಾನಾಗಿಯೇ ನಿಂತುಹೋದರೆ ಅವರಿಗೆ ಸ್ವಲ್ಪ ನಿರಾಸೆಯೂ ಆಗುತ್ತಿತ್ತು ಎಂಬುದು ನನ್ನ ಗುಮಾನಿ.

ಭಾವ ಎಂದರೆ ನನ್ನ ಅಕ್ಕನ ಗಂಡ. ಬೇಕರಿಯಲ್ಲಿ ಕೇಕಿನ ಮೇಲೆ ಹೆಸರು ಬರೆಯುವುದು ಅವರ ಕೆಲಸ. ಕಾಗದದ ಪೊಟ್ಟಣದಲ್ಲಿ ಕ್ರೀಮು ತುಂಬಿ, ತುದಿ ಕತ್ತರಿಸಿ, ಉಸಿರು ಬಿಗಿಹಿಡಿದು ಅವರು ಬರೆಯುವುದನ್ನು ನೋಡಬೇಕು. ಆ ಕೈ ಅಲ್ಲಾಡುವುದಿಲ್ಲ. ಮನುಷ್ಯ ಮಾತ್ರ ಯಾವ ಕಡೆ ತಳ್ಳಿದರೆ ಆ ಕಡೆ ವಾಲುತ್ತಾರೆ. ಅದಕ್ಕೂ ಕಸುಬೇ ಕಾರಣ. ಗಿರಾಕಿ ಹೇಳಿದ್ದನ್ನು ಹೇಳಿದ ಹಾಗೆ ಬರೆಯುವುದು ಅಲ್ಲಿನ ನಿಯಮ. ‘ಮುದ್ದಿನ ಗೂಬೆಗೆ’ ಎಂದು ಬರೆಯಿರಿ ಎಂದರೆ ಬರೆಯಬೇಕು. ಯಾರು ಗೂಬೆ, ಯಾಕೆ ಮುದ್ದು ಎಂದು ಕೇಳಬಾರದು. ವರ್ಷಗಟ್ಟಲೆ ಹೀಗೆ ‘ಆಗಲಿ ಸಾರ್, ಆಗಲಿ ಮೇಡಂ’ ಎಂದು ಎಂದು, ಬೇಡ ಎನ್ನುವ ಮಾತೇ ಅವರ ನಾಲಿಗೆಯಿಂದ ಉದುರಿಹೋಗಿತ್ತು.

ಬ್ಯಾಡ್ಜು ಬಂದ ಬಗೆ ಹೀಗೆ. ಬೇಕರಿಯ ಯಜಮಾನರು ತಮ್ಮ ಕೆಲಸಗಾರರಿಗೆಲ್ಲ ಅರ್ಧ ದಿನದ ಪ್ರಥಮ ಚಿಕಿತ್ಸೆಯ ತರಬೇತಿ ಇಡಿಸಿದರು. ಮಹಡಿಯ ಮೇಲೆ, ಮೈದಾಮೂಟೆಗಳ ನಡುವೆ ತರಗತಿ. ಹೇಳಿಕೊಡಲು ಬಂದವರು ಒಬ್ಬರು ದಪ್ಪ ಮೀಸೆಯ ತರಬೇತುದಾರರು. ಭಾವ ಮುಂದಿನ ಸಾಲಿನಲ್ಲಿ ಕೂತು ಮೂಗಿನ ರಕ್ತ ನಿಲ್ಲಿಸುವುದನ್ನು ಕಲಿತರು, ಉಳುಕಿದ ಕಾಲಿಗೆ ಪಟ್ಟಿ ಸುತ್ತುವುದನ್ನು ಕಲಿತರು, ಮೂರ್ಛೆ ಹೋದವರನ್ನು ಮಗ್ಗುಲಿಗೆ ಹೊರಳಿಸುವುದನ್ನು ಕಲಿತರು. ಅಷ್ಟರಲ್ಲಿ ಯಜಮಾನರು ಅವರನ್ನು ಕೆಳಗೆ ಕರೆದರು. ತರಬೇತುದಾರರಿಗೆ ಕೊಡಲು ಒಂದು ಕೇಕು ತಯಾರಾಗಿತ್ತು, ಅದರ ಮೇಲೆ ಅವರ ಹೆಸರು ಬರೆಯಬೇಕಿತ್ತು. ಆ ಪುಣ್ಯಾತ್ಮರ ಹೆಸರಿನ ಹಿಂದೆ ಮುಂದೆ ಬಿರುದುಗಳು ರೈಲಿನ ಹಾಗೆ ಇದ್ದವು. ಒಂದು ಸಾಲಿನಲ್ಲಿ ಹಿಡಿಸಲಿಲ್ಲ. ಕೆರೆದು, ಮತ್ತೆ ಕ್ರೀಮು ಸವರಿ, ಸಣ್ಣ ಅಕ್ಷರದಲ್ಲಿ ಬರೆದು ಭಾವ ಮೇಲೆ ಬರುವ ಹೊತ್ತಿಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಕೇಕಿಗೆ ಇರಬೇಕು ಎಂದುಕೊಂಡು ಇವರು ತಲೆಬಾಗಿದರು. ನಿಜಕ್ಕೂ ಅದು ತರಬೇತಿ ಮುಗಿದ ಚಪ್ಪಾಳೆ. ನಡುವೆ ಹೋದ ಪಾಠ ಯಾವುದು ಅಂದರೆ, ಸುಟ್ಟಗಾಯ. ಒಲೆ, ಬಿಸಿ ತಟ್ಟೆ, ಕುದಿಯುವ ಪಾಕದ ನಡುವೆ ದಿನ ಕಳೆಯುವ ಜನಕ್ಕೆ ಬೇಕಾಗಿದ್ದದ್ದು ಅದೊಂದೇ ಪಾಠ.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಗುಟ್ಟನ್ನು ಬಗಲಲ್ಲಿಟ್ಟುಕೊಂಡು ಕಥೆ ಹೇಳುವಷ್ಟು ತಾಳ್ಮೆ ನನಗಿಲ್ಲ, ಅದಕ್ಕೆ ನಿಮಗೆ ಮೊದಲೇ ಹೇಳಿಬಿಟ್ಟೆ. ಭಾವ ಮಾತ್ರ ಯಾರಿಗೂ ಹೇಳಲಿಲ್ಲ. ಬ್ಯಾಡ್ಜನ್ನು ಎಲ್ಲರಿಗೂ ಕೊಟ್ಟರು, ಇವರಿಗೂ ಕೊಟ್ಟರು.

ಇನ್ನು ಅಕ್ಕ. ಅಕ್ಕ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಟೀಚರು. ಅಲ್ಲಿ ಮಾತೆಲ್ಲ ಕೈಯಲ್ಲಿ. ಅವಳು ಬೆರಳಾಡಿಸುತ್ತ ಕಥೆ ಹೇಳಲು ನಿಂತರೆ ಇಡೀ ತರಗತಿ ರೆಪ್ಪೆ ಬಡಿಯದೆ ಕೂರುತ್ತದೆ. ಕಲಿಯುವ ಕಾಲದಲ್ಲಿ ಅವಳು ನನ್ನ ಮೇಲೆಯೇ ಅಭ್ಯಾಸ ಮಾಡಿದ್ದರಿಂದ ನನಗೂ ಆ ಭಾಷೆ ತಕ್ಕಮಟ್ಟಿಗೆ ಬರುತ್ತದೆ. ಭಾವನಿಗೆ ಬರುವುದಿಲ್ಲ. ಆದರೆ ಆ ಶಾಲೆಯಿಂದ ಅವರಿಗೆ ಒಂದು ಆಸೆ ಇತ್ತು.

ಆ ಮಕ್ಕಳಲ್ಲಿ ಒಂದು ಪದ್ಧತಿ ಇದೆ. ಒಬ್ಬರ ಹೆಸರನ್ನು ಅಕ್ಷರ ಅಕ್ಷರವಾಗಿ ಬೆರಳಲ್ಲಿ ಹೇಳುತ್ತ ಕೂತರೆ ಹೊತ್ತು ಹೋಗುತ್ತದೆಂದು, ತಮಗೆ ಬೇಕಾದವರಿಗೆಲ್ಲ ಒಂದೊಂದು ಸನ್ನೆಯ ಹೆಸರು ಇಡುತ್ತಾರೆ. ಹೆಡ್‌ಮಿಸ್ ಹೆಸರು, ಮೂಗಿನ ಮೇಲೆ ಜಾರಿದ ಕನ್ನಡಕ ಏರಿಸುವುದು. ಕಾವಲುಗಾರನ ಹೆಸರು ಆಕಳಿಕೆ. ಅಕ್ಕನ ಹೆಸರು, ಕಿವಿಯ ಹಿಂದೆ ಕೂದಲು ಸಿಕ್ಕಿಸುವುದು. ನಾನು ಒಂದೇ ಸಲ ಹೋಗಿದ್ದಕ್ಕೆ ನನಗೂ ಒಂದು ಹೆಸರು ಸಿಕ್ಕಿತು. ಕತ್ತು ಕೆರೆದುಕೊಳ್ಳುವುದು. ಹೋಗಲಿ ಬಿಡಿ, ಹೆಸರು ಹೆಸರೇ. ಅದನ್ನು ಕೇಳಿ ಪಡೆಯಲು ಬರುವುದಿಲ್ಲ, ಅವರಾಗಿಯೇ ಇಡಬೇಕು. ಭಾವ ಆ ಮಕ್ಕಳಿಗೆ ಎಷ್ಟೋ ಕೇಕು ಕಳಿಸಿದ್ದರು. ಎಲ್ಲರೂ ಬಾಯಿ ಚಪ್ಪರಿಸಿ ತಿಂದರು, ಹೆಸರು ಮಾತ್ರ ಇಡಲಿಲ್ಲ. ಶಾಲೆಯಲ್ಲಿ ಅವರು ಆಗಿನ್ನೂ ‘ಟೀಚರ್ ಮನೆಯವರು’ ಅಷ್ಟೇ. “ಇಟ್ರೆ ಕೇಕಿಂದೇ ಏನಾದ್ರೂ ಇಡ್ತಾರೆ, ನೋಡ್ತಿರು,” ಎಂದು ನನ್ನ ಹತ್ತಿರ ಎಷ್ಟೋ ಸಲ ಹೇಳಿಕೊಂಡಿದ್ದಾರೆ.

ಬ್ಯಾಡ್ಜು ಬಂದ ಮೇಲೆ ಅದನ್ನು ಉಪಯೋಗಿಸದೆ ಇರಲಾದೀತೆ? ಒಂದು ಭಾನುವಾರ ಮಧ್ಯಾಹ್ನ ಭಾವ ನಮ್ಮ ಕಟ್ಟಡದವರಿಗೆಲ್ಲ ತಮ್ಮ ಮನೆಯ ಹಾಲಿನಲ್ಲೇ ಪ್ರಥಮ ಚಿಕಿತ್ಸೆಯ ಪಾಠ ಇಟ್ಟುಕೊಂಡರು. ಬಂದವರು ನಾಲ್ಕು ಜನ. ಕೆಳಮನೆಯ ನಿವೃತ್ತ ಪೋಸ್ಟ್‌ಮಾಸ್ಟರು, ಪಕ್ಕದ ಮನೆಯ ಟ್ಯಾಕ್ಸಿಯವರು, ಮೇಲ್ಮನೆಯ ಅಜ್ಜಿ, ಮತ್ತೆ ಕಟ್ಟಡದ ಮಾಲೀಕರ ಹೆಂಡತಿ, ಅಂದರೆ ನಮ್ಮ ಓನರಮ್ಮ. ನಾನು ಬಂದವನಲ್ಲ, ಎಳೆಸಿಕೊಂಡವನು. ನನ್ನನ್ನು ನೆಲದ ಮೇಲೆ ಮಲಗಿಸಿ, ಮಗ್ಗುಲಿಗೆ ಹೊರಳಿಸಿ, “ನೀನು ಮೂರ್ಛೆ ಹೋಗಿದೀಯ. ನಾನು ಹೇಳೋವರೆಗೂ ಏಳ್ಬೇಡ, ಮಾತಾಡ್ಲೂಬೇಡ,” ಎಂದು ಅಪ್ಪಣೆ ಮಾಡಿದರು. ಹಾಗಾಗಿ ಮುಂದೆ ನಡೆದದ್ದನ್ನೆಲ್ಲ ನಾನು ನೆಲದಿಂದ, ಜನರ ಕಾಲುಗಳ ನಡುವಿನಿಂದ ನೋಡಿದ್ದು.

ಪೋಸ್ಟ್‌ಮಾಸ್ಟರ ಬಲಗೈ ಮುರಿದಿದೆ ಎಂದಿಟ್ಟುಕೊಂಡು ಭಾವ ಅದನ್ನು ಒಂದು ದುಪ್ಪಟಿಯಿಂದ ಕುತ್ತಿಗೆಗೆ ಕಟ್ಟಿದರು. ಕಟ್ಟು ಬಲವಾಗಿತ್ತು, ಲೆಕ್ಕ ಸ್ವಲ್ಪ ತಪ್ಪಿತ್ತು. ಮೊಣಕೈ ಒಳಗೆ ಸೇರುವ ಬದಲು ಬಾಗಿಲ ಚಿಲಕದ ಹಾಗೆ ಹೊರಗೆ ಚಾಚಿ ನಿಂತಿತು. ಪೋಸ್ಟ್‌ಮಾಸ್ಟರಿಗೆ ಅದೇ ಹೆಮ್ಮೆ. ಅಜ್ಜಿಗೆ ತೋರಿಸೋಣವೆಂದು ಸರಕ್ಕನೆ ತಿರುಗಿದರು. ಅದೇ ಹೊತ್ತಿಗೆ ಅಕ್ಕ ಎಲ್ಲರಿಗೂ ಚಹಾ ತುಂಬಿಸಲು ಕೆಟಲು ಹಿಡಿದು ಬಂದಳು. ಮೊಣಕೈ ಕೆಟಲಿಗೆ ತಾಗಿತು. ಕುದಿಯುತ್ತಿದ್ದ ಚಹಾ ಅಕ್ಕನ ಬಲಗೈಯ ಮೇಲೆ, ಬೆರಳುಗಳ ಮೇಲೆ ಸುರಿಯಿತು.

ಅಕ್ಕ ಕೂಗಲಿಲ್ಲ. ತುಟಿ ಕಚ್ಚಿಕೊಂಡು, “ನಲ್ಲಿ ಕೆಳಗೆ ಹಿಡೀತೀನಿ, ದಾರಿ ಬಿಡಿ,” ಎಂದು ಅಡುಗೆಮನೆಯ ಕಡೆ ಹೊರಟಳು. ಪೋಸ್ಟ್‌ಮಾಸ್ಟರು ತಮ್ಮ ಚಿಲಕದ ಕೈಯನ್ನೇ ಅಡ್ಡ ಹಿಡಿದರು.

“ನೀರು ಮಾತ್ರ ಬೇಡಮ್ಮ. ನೀರು ಬಿತ್ತೋ, ಬೊಕ್ಕೆ ಎದ್ದುಬಿಡುತ್ತೆ.”

ಎಲ್ಲರ ಕಣ್ಣೂ ಭಾವನ ಜೇಬಿನ ಮೇಲಿನ ಬ್ಯಾಡ್ಜಿನ ಮೇಲೆ ನೆಟ್ಟಿತು. ಭಾವ ಗಂಟಲು ಸರಿಮಾಡಿಕೊಂಡರು. “ಮೊದಲನೇದಾಗಿ, ಯಾರೂ ಗಾಬರಿ ಆಗ್ಬಾರ್ದು,” ಎಂದರು. ಇದು ಎಲ್ಲ ಪಾಠಕ್ಕೂ ಮೊದಲ ಸಾಲು, ಯಾವುದಕ್ಕೂ ನಡೆಯುತ್ತದೆ. ಎರಡನೆಯದಾಗಿ ಏನು ಎಂದು ಟ್ಯಾಕ್ಸಿಯವರು ಕೇಳಿದರು. ನಮ್ಮ ಭಾವನ ಮುಖ ನಾನು ಅಲ್ಲಿಂದ ನೋಡಿದೆ. ಬೆಳ್ಳಗೆ ಬಿಳಿಚಿಹೋಗಿತ್ತು. ಎರಡನೆಯದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಒಂದು ಮಾತು ಆ ಬ್ಯಾಡ್ಜಿನ ಹಿಂದಿನಿಂದ ಹೊರಗೆ ಬರಲಿಲ್ಲ. ಕೊನೆಗೆ, “ಹಿರಿಯರು ಹೇಳ್ತಿದಾರಲ್ಲ, ನೀರು ಬೇಡ,” ಎಂದುಬಿಟ್ಟರು.

ಅಲ್ಲಿಗೆ ಗಿರಾಕಿಗಳು ಅಂಗಡಿಗೆ ನುಗ್ಗಿದ ಹಾಗಾಯಿತು. ಟ್ಯಾಕ್ಸಿಯವರು ಓಡಿಹೋಗಿ ಟೂತ್‌ಪೇಸ್ಟು ತಂದರು. ಇಂಜಿನ್ನು ತಾಗಿ ತಮ್ಮ ಕೈ ಸುಟ್ಟಾಗಲೆಲ್ಲ ಇದೇ ಮದ್ದು, ಹಚ್ಚಿದ ಕೂಡಲೇ ತಣ್ಣಗೆ ಎಂದರು. ಆಗಲಿ ಎಂದರು ಭಾವ. ಪೇಸ್ಟನ್ನು ತಾವೇ ಹಿಂಡಿ ಅಕ್ಕನ ಕೈಯ ಮೇಲೆ ಸವರತೊಡಗಿದರು. ಸವರಿದ್ದು ಮಾತ್ರ ಒಂದು ಗೆರೆ ಹೆಚ್ಚುಕಡಿಮೆ ಇಲ್ಲದಂತೆ ಸಮನಾಗಿ. ಅಭ್ಯಾಸಬಲ ನೋಡಿ, ಮಣಿಕಟ್ಟಿನ ಹತ್ತಿರ ಬಂದಾಗ ಅವರಿಗೇ ಗೊತ್ತಿಲ್ಲದೆ ಅಂಚಿಗೆ ಸಣ್ಣ ಸಣ್ಣ ಅಲೆಗಳನ್ನೂ ತಿದ್ದಿಬಿಟ್ಟರು.

ಪೋಸ್ಟ್‌ಮಾಸ್ಟರಿಗೆ ಇದು ಹಿಡಿಸಲಿಲ್ಲ. ಸರ್ವಿಸ್ ಪೂರ್ತಿ ಲಕೋಟೆಗಳಿಗೆ ಅರಗಿನ ಮುದ್ರೆ ಒತ್ತಿದ ಮನುಷ್ಯ ಅವರು. ಅರಗು ಬೆರಳಿಗೆ ಬಿದ್ದಾಗೆಲ್ಲ ನೀಲಿ ಶಾಯಿ ಹಚ್ಚಿ ಮುಂದಿನ ಲಕೋಟೆ ತೆಗೆದುಕೊಂಡವರು. ಅವರ ಶಾಯಿಬುಡ್ಡಿ ಬಂತು. ಟೂತ್‌ಪೇಸ್ಟಿನವರನ್ನು ಒಪ್ಪಿ ಶಾಯಿಯವರನ್ನು ಬಿಟ್ಟರೆ ಹಿರಿಯರಿಗೆ ಅವಮಾನವಲ್ಲವೇ? ಆಗಲಿ ಎಂದರು ಭಾವ. ಅಜ್ಜಿ ಮೇಲಿನಿಂದ ಮೊಟ್ಟೆಯ ಬಿಳಿಯನ್ನೂ ಜೇನನ್ನೂ ಬಟ್ಟಲಲ್ಲಿ ಕಲಸಿಕೊಂಡು ಬಂದರು. ಆಗಲಿ. ಓನರಮ್ಮ ಇದನ್ನೆಲ್ಲ ನೋಡಿ ನಕ್ಕು, ತಮ್ಮ ಫ್ರಿಜ್ಜಿನಿಂದ ಬೆಣ್ಣೆ ತರಿಸಿದರು. ಅವರು ಬಾಡಿಗೆ ತೆಗೆದುಕೊಳ್ಳುವವರು, ಅವರಿಗೆ ಇಲ್ಲ ಎನ್ನಲಾಗುತ್ತದೆಯೇ? ಆಗಲಿ. ಬೆಣ್ಣೆ ಜಾರಬಾರದೆಂದು ಮೇಲೆ ಒಂದು ಹಿಡಿ ಹಿಟ್ಟು. ಪ್ರತಿಯೊಂದು ಮದ್ದಿಗೂ ಒಬ್ಬೊಬ್ಬ ಸಾಕ್ಷಿ ಇದ್ದ. ಯಾರದೋ ಮಾವ, ಯಾರದೋ ನಾದಿನಿ, ಯಾರದೋ ಊರಿನ ಕಮ್ಮಾರ. ಎಲ್ಲರೂ ವಾಸಿಯಾದವರೇ. ವಾಸಿಯಾಗದವರ ಸುದ್ದಿ ಯಾರೂ ಎತ್ತಲಿಲ್ಲ.

ಒಬ್ಬೊಬ್ಬರು ಹಚ್ಚಿದ ಮೇಲೂ ಬಗ್ಗಿ, ಉರಿ ಕಡಿಮೆಯಾಯಿತೇ ಎಂದು ಅಕ್ಕನನ್ನು ಕೇಳುತ್ತಿದ್ದರು. ಅವಳು ತಲೆಯಾಡಿಸುತ್ತಿದ್ದಳು. ಹೌದೆಂದಲ್ಲ, ಇಷ್ಟು ಪ್ರೀತಿಯಿಂದ ಕೇಳುವವರಿಗೆ ಇಲ್ಲ ಎನ್ನಲು ಬಾರದೆ. ಕಣ್ಣಲ್ಲಿ ನೀರು ತುಂಬಿ ತುಳುಕುತ್ತಿತ್ತು. ಆಗ ಅವಳ ಎಡಗೈ ಮಡಿಲಲ್ಲಿ ಸಣ್ಣಗೆ ಅಲ್ಲಾಡಿತು. ಆ ಕೋಣೆಯಲ್ಲಿ ಅದು ಅರ್ಥವಾಗುತ್ತಿದ್ದವನು ನಾನೊಬ್ಬನೇ. ಉರಿ, ಉರಿ, ಉರಿ ಎನ್ನುತ್ತಿತ್ತು ಆ ಕೈ.

ನನಗೆ ರೇಗಿಹೋಯಿತು. ಮೂರ್ಛೆ ಮನೆ ಹಾಳಾಗಲಿ ಎಂದು ಎದ್ದು ಕೂತೆ. ಭಾವ ಆ ಗಡಿಬಿಡಿಯಲ್ಲೂ, “ಇನ್ನೂ ಏಳ್ಬಾರ್ದಿತ್ತು ನೀನು,” ಎಂದರು. ನಾನು ಕಿವಿಗೆ ಹಾಕಿಕೊಳ್ಳದೆ ಟ್ಯಾಕ್ಸಿ ತೆಗೆಯಲು ಹೇಳಿದೆ. ಕ್ಲಿನಿಕ್ಕು ಎರಡು ಬೀದಿ ಆಚೆ. ಅಕ್ಕನ ಜೊತೆ ಒಬ್ಬರು ಹೋದರೆ ಸಾಕಿತ್ತು, ಆದರೆ ಕೈಯಲ್ಲಿ ಎಲ್ಲರ ಪಾಲೂ ಇತ್ತಲ್ಲ, ಎಲ್ಲರೂ ಹತ್ತಿದರು. ಪೋಸ್ಟ್‌ಮಾಸ್ಟರು ಕಟ್ಟು ಬಿಚ್ಚಿಸಿಕೊಳ್ಳುವುದನ್ನೂ ಮರೆತು ಮುಂದಿನ ಸೀಟಿನಲ್ಲಿ ಕೂತರು. ಆ ಮೊಣಕೈಯಿಂದಾಗಿ ಟ್ಯಾಕ್ಸಿಯವರಿಗೆ ಗೇರು ಹಾಕುವುದೇ ಕಷ್ಟವಾಯಿತು.

ಕ್ಲಿನಿಕ್ಕಿನ ನರ್ಸಮ್ಮ ಮೊದಲು ಪೋಸ್ಟ್‌ಮಾಸ್ಟರನ್ನೇ ರೋಗಿ ಎಂದುಕೊಂಡರು. ಆಮೇಲೆ ಅಕ್ಕನ ಕೈ ಕಡೆ ತಿರುಗಿದರು. ಅಕ್ಕನನ್ನು ತೊಟ್ಟಿಯ ಹತ್ತಿರ ಕೂರಿಸಿ ಒದ್ದೆ ಬಟ್ಟೆಯಿಂದ ಒಂದೊಂದೇ ಪದರ ತೆಗೆಯತೊಡಗಿದರು. ಹಿಟ್ಟು ಯಾರದು ಎಂದರು. ಓನರಮ್ಮ ಕೈಯೆತ್ತಿದರು. ಬೆಣ್ಣೆ? ಅದೇ ಕೈ ಮತ್ತೆ ಎದ್ದಿತು. ಈ ಅಂಟು? ಅಜ್ಜಿ. ಈ ನೀಲಿ? ಎತ್ತಬೇಕಾದ ಕೈ ಕುತ್ತಿಗೆಗೆ ಕಟ್ಟಿದ್ದರಿಂದ ಪೋಸ್ಟ್‌ಮಾಸ್ಟರು ಬರೀ ಕೆಮ್ಮಿದರು. ಟ್ಯಾಕ್ಸಿಯವರ ಸರದಿ ಬರುವ ಮೊದಲೇ ಅವರು, ಗಾಡಿ ಅಡ್ಡ ನಿಲ್ಲಿಸಿದ್ದೇನೆ ಎಂದು ಬಾಗಿಲಿಗೆ ಸರಿದರು. ನರ್ಸಮ್ಮ ಪೇಸ್ಟಿನ ಪದರಕ್ಕೆ ಬಂದವರು ಮಣಿಕಟ್ಟಿನ ಹತ್ತಿರ ನಿಂತು, ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

“ಇಲ್ಲಿ ಅಂಚು ತಿದ್ದಿರೋದು ಯಾರು?”

ಭಾವ ಮುಂದೆ ಬಂದರು. ನರ್ಸಮ್ಮ ಅವರ ಮುಖ ನೋಡಿದರು, ಆಮೇಲೆ ಜೇಬಿನ ಮೇಲಿನ ಬ್ಯಾಡ್ಜನ್ನು ಓದಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ನೀರು ಬಿಟ್ಟಿದ್ದಿರಾ ಎಂದಷ್ಟೇ ಕೇಳಿದರು. ಎಲ್ಲರೂ ಪೋಸ್ಟ್‌ಮಾಸ್ಟರ ಕಡೆ ನೋಡಿದರು.

ಪದರಗಳೆಲ್ಲ ಹೋದ ಮೇಲೆ ಕೈ ಕಂಡಿತು. ಕೆಂಪಗೆ ಊದಿ, ಅಲ್ಲಲ್ಲಿ ಬೊಕ್ಕೆ ಎದ್ದಿತ್ತು. ನೀರೇ ತಾಗದ ಕೈಗೆ ಬೊಕ್ಕೆ ಬಂದದ್ದನ್ನು ಪೋಸ್ಟ್‌ಮಾಸ್ಟರು ಬಗ್ಗಿ ನೋಡಿ, ಸದ್ದಿಲ್ಲದೆ ಹಿಂದಕ್ಕೆ ಸರಿದರು. ಉಂಗುರದ ಬೆರಳಿನಲ್ಲಿ ಮದುವೆಯ ಉಂಗುರ ಹಾಗೆಯೇ ಇತ್ತು, ಊದಿದ ಮಾಂಸದೊಳಗೆ ಹೂತು. ಬೆರಳು ಊದುವ ಮೊದಲೇ ತೆಗೆಯಬೇಕಾಗಿದ್ದದ್ದು ಅದು. ಅಷ್ಟು ಜನ ಆ ಕೈಯನ್ನು ಮುಟ್ಟಿದ್ದೆವು, ಎಲ್ಲರೂ ತಮ್ಮ ತಮ್ಮ ಮದ್ದನ್ನು ನೋಡಿದ್ದೆವೇ ಹೊರತು ಬೆರಳನ್ನು ಯಾರೂ ನೋಡಿರಲಿಲ್ಲ. ನರ್ಸಮ್ಮ ಸಣ್ಣ ಕಟ್ಟರಿನಿಂದ ಉಂಗುರವನ್ನು ಕತ್ತರಿಸಿ ಭಾವನ ಅಂಗೈಯಲ್ಲಿಟ್ಟರು. ಭಾವ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತರು.

ಡಾಕ್ಟರು ಬಂದು ನೋಡಿ, ತೀರಾ ಹೊತ್ತಾಗಿಲ್ಲ, ಈಗಲೂ ನೀರು ಬಿಟ್ಟರೆ ಪ್ರಯೋಜನವಿದೆ ಎಂದರು. ಆದರೆ ಉಂಗುರದ ಬೆರಳು, ಕಿರುಬೆರಳು, ಇವೆರಡರ ವಿಷಯ ಈಗಲೇ ಹೇಳಲಾಗುವುದಿಲ್ಲ, ಚರ್ಮ ಬಿಗಿದುಕೊಂಡರೆ ಮಡಚುವುದು ಕಷ್ಟವಾದೀತು ಎಂದರು. ಅಕ್ಕ ಆವರೆಗೆ ತಡೆದುಕೊಂಡಿದ್ದವಳು, ಅಲ್ಲಿ ಅವಳ ಧ್ವನಿ ಒಡೆಯಿತು.

“ಡಾಕ್ಟ್ರೇ, ನಾನು ಕೈಯಲ್ಲೇ ಪಾಠ ಹೇಳೋದು. ಎರಡು ಬೆರಳು ಹೋದ್ರೆ ನನ್ನ ಅರ್ಧ ಮಾತು ಹೋದ ಹಾಗೆ.”

ನೋಡೋಣ ಎಂದರು ಡಾಕ್ಟರು. ಆ ನೋಡೋಣ ಎನ್ನುವ ಮಾತು ನನಗೆ ಯಾವತ್ತೂ ಸೇರುವುದಿಲ್ಲ.

ನರ್ಸಮ್ಮ ನಲ್ಲಿಯನ್ನು ಸಣ್ಣಗೆ ತಿರುಗಿಸಿ, ಅಕ್ಕನ ಕೈಯನ್ನು ಅದರ ಕೆಳಗಿಟ್ಟು, ಇಪ್ಪತ್ತು ನಿಮಿಷ ಅಲ್ಲಾಡದೆ ಹಿಡಿದಿರಲು ಭಾವನಿಗೆ ಹೇಳಿದರು. ಪೋಸ್ಟ್‌ಮಾಸ್ಟರಿಗೆ ತಡೆಯಲಿಲ್ಲ. ಬರೀ ನೀರೇ ಎಂದು ಕೇಳಿದರು. ಬರೀ ನೀರೇ, ಐಸೂ ಬೇಡ, ಏನೂ ಬೇಡ ಎಂದರು ನರ್ಸಮ್ಮ. ನಮ್ಮವರ ಮುಖಗಳು ಮೋಸಹೋದವರ ಹಾಗಾದವು. ನನಗೂ ಹಾಗೇ ಅನ್ನಿಸಿತು. ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ನೀರು ಯಾರ ಮನೆಯ ಗುಟ್ಟೂ ಅಲ್ಲ. ನಲ್ಲಿ ತಿರುಗಿಸಿದವನು ನನ್ನಿಂದ ವಾಸಿಯಾಯಿತು ಎಂದು ಎದೆ ಉಬ್ಬಿಸುವ ಹಾಗಿಲ್ಲ. ಮೇಲಾಗಿ ನೋವು ತಿನ್ನುವವರ ಪಕ್ಕದಲ್ಲಿ ಏನೂ ಮಾಡದೆ, ಕೈ ಹಿಡಿದು ಸುಮ್ಮನೆ ಅಷ್ಟು ಹೊತ್ತು ನಿಲ್ಲಬೇಕು. ಅದಕ್ಕಿಂತ ಓಡಿಹೋಗಿ ಬೆಣ್ಣೆ ತರುವುದು ಸುಲಭ.

ಉಳಿದವರೆಲ್ಲ ಹೊರಗಿನ ಬೆಂಚಿನ ಮೇಲೆ ಕೂತರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಭಾವ ಕೇಕಿನ ಮುಂದೆ ನಿಲ್ಲುವ ಹಾಗೆ ಉಸಿರು ಬಿಗಿಹಿಡಿದು ಅಕ್ಕನ ಕೈ ಹಿಡಿದಿದ್ದರು. ಸ್ವಲ್ಪ ಹೊತ್ತಾದ ಮೇಲೆ, ತಲೆ ಎತ್ತದೆ, “ಸುಟ್ಟಗಾಯದ ಪಾಠ ನಾನು ಕೇಳ್ಲಿಲ್ಲ ಕಣೇ. ಕೆಳಗೆ ಕೇಕಿನ ಮೇಲೆ ಹೆಸರು ಬರೀತಿದ್ದೆ,” ಎಂದರು.

“ಗೊತ್ತು,” ಎಂದಳು ಅಕ್ಕ.

ಭಾವ ಬೆಚ್ಚಿದರು. ಅಕ್ಕನ ತುಟಿಯ ಮೇಲೆ ಆ ನೋವಿನಲ್ಲೂ ಒಂದು ನಗು ಸುಳಿಯಿತು. “ಅವತ್ತು ಮನೆಗೆ ಬಂದು ನನ್ನ ಮೂಗು ಹಿಡಿದ್ರಿ, ಕಾಲಿಗೆ ಪಟ್ಟಿ ಸುತ್ತಿದ್ರಿ, ಮೂರು ಸಲ ಮಂಚದ ಮೇಲೆ ಹೊರಳಿಸಿದ್ರಿ. ಕಲಿತಿದ್ದೆಲ್ಲಾ ನನ್ನ ಮೇಲೇ ಆಯ್ತಲ್ಲ. ಸುಟ್ಟಗಾಯ ಒಂದೇ ಬಂದಿರ್ಲಿಲ್ಲ.”

“ಮತ್ತೆ ನಲ್ಲಿ ಹತ್ರ ಯಾಕೆ ಹೋಗ್ಲಿಲ್ಲ ನೀನು? ನನ್ನ ಮಾತು ಯಾಕೆ ಕೇಳ್ದೆ?”

“ಅಷ್ಟು ಜನರ ಮುಂದೆ ನಿಮ್ಮ ಮುಖ ಹೇಗಾಗಿತ್ತು ಅಂತ ನಿಮಗೇನು ಗೊತ್ತು,” ಎಂದಳು ಅಕ್ಕ.

ಎರಡೂ ಕೈ ನಲ್ಲಿಯ ಕೆಳಗೆ ಇದ್ದದ್ದರಿಂದ ಭಾವನಿಗೆ ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ. ನಾನು ಗೋಡೆಯ ಮೇಲಿದ್ದ ಲಸಿಕೆಯ ಭಿತ್ತಿಪತ್ರವನ್ನು ಬಹಳ ಆಸಕ್ತಿಯಿಂದ ಓದತೊಡಗಿದೆ. ಹೊರಡುವಾಗ ನೋಡಿದರೆ ಅವರ ಜೇಬಿನ ಮೇಲೆ ಬ್ಯಾಡ್ಜು ಇರಲಿಲ್ಲ.

ಅಕ್ಕ ರಜೆ ಹಾಕಿ ಮನೆಯಲ್ಲಿ ಕೂರಬೇಕಿತ್ತು. ಆದರೆ ಅವಳು ಕೆಲವೇ ದಿನಗಳಲ್ಲಿ, ಮಕ್ಕಳ ಪಾಠ ಹಿಂದೆ ಬೀಳುತ್ತದೆಂದು ಹಟ ಹಿಡಿದು ಬ್ಯಾಂಡೇಜಿನ ಕೈಯಲ್ಲೇ ಶಾಲೆಗೆ ಹೊರಟಳು. ಎಡಗೈಯೊಂದರಲ್ಲೇ ಮಾತಾಡಿದರೆ ಮಕ್ಕಳಿಗೆ ತೊದಲಿದ ಹಾಗೆ ಕಾಣುತ್ತದೆ. ಕೆಲವು ಸನ್ನೆಗಳಿಗೆ ಎರಡೂ ಕೈ ಬೇಕೇ ಬೇಕು. ಆಗ ಭಾವ, ನಿನ್ನ ಬಲಗೈ ನಾನಾಗುತ್ತೇನೆ ಎಂದರು. ಬೇಕರಿಗೆ ಮಧ್ಯಾಹ್ನದ ಪಾಳಿ ಹಾಕಿಸಿಕೊಂಡು ಬೆಳಿಗ್ಗೆ ಶಾಲೆಗೆ ಹೋಗಿ, ಅಕ್ಕನ ಬಲಗಡೆ ಭುಜಕ್ಕೆ ಭುಜ ತಾಗಿಸಿ ನಿಂತರು. ಅಕ್ಕ ಎಡಗೈಯಲ್ಲಿ ತನ್ನ ಪಾಲಿನದನ್ನು ಮಾಡಿ, ಬಲಗೈಯಲ್ಲಿ ಏನು ಮಾಡಬೇಕೆಂದು ಬಾಯಲ್ಲಿ ಹೇಳುತ್ತಿದ್ದಳು. ಮುಷ್ಟಿ ಮಾಡಿ, ಈಗ ಎರಡು ಬೆರಳು, ಈಗ ಎದೆಗೆ ತನ್ನಿ. ಭಾವ ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದರಲ್ಲಿ ಪಳಗಿದವರು, ಶ್ರದ್ಧೆಯಿಂದ ಮಾಡಿದರು.

ಅವರನ್ನು ಬಿಡಲು ಹೋದ ನಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಮಕ್ಕಳಿಗೆ ಪಾಠಕ್ಕಿಂತ ಮೊದಲು ಕೈಗೆ ಏನಾಯಿತೆಂದು ತಿಳಿಯಬೇಕಿತ್ತು. ಅಕ್ಕ ಕಥೆ ಶುರುಮಾಡಿದಳು. ಒಬ್ಬ ಮನುಷ್ಯ ಇದ್ದ. ಅವನ ಎದೆಯ ಮೇಲೆ ಒಂದು ಹಸಿರು ಬ್ಯಾಡ್ಜು ಇತ್ತು. ಅವನಿಗೆ ಎಲ್ಲ ಗೊತ್ತಿತ್ತು, ಒಂದನ್ನು ಬಿಟ್ಟು. ಭಾವನ ಬಲಗೈ ಇದನ್ನೆಲ್ಲ ಅಚ್ಚುಕಟ್ಟಾಗಿ ಹೇಳಿತು. ತಾನು ಏನು ಹೇಳುತ್ತಿದೆ ಎಂಬುದು ಮಾತ್ರ ಆ ಕೈಗೆ ಗೊತ್ತಿರಲಿಲ್ಲ. ಒಬ್ಬ ಬಂದು ಹಲ್ಲುಜ್ಜುವುದನ್ನು ಹಚ್ಚಿದ. ಆಗಲಿ. ಇನ್ನೊಬ್ಬ ಬಂದು ಬರೆಯುವುದನ್ನು ಹಚ್ಚಿದ. ಆಗಲಿ. ಆಗಲಿ ಎನ್ನುವುದಕ್ಕೆ ಮುಷ್ಟಿಯನ್ನು ತಲೆಯ ಹಾಗೆ ತೂಗಬೇಕು. ಭಾವ ಪ್ರತಿ ಸಲವೂ ಮುಷ್ಟಿಯ ಜೊತೆ ತಮ್ಮ ತಲೆಯನ್ನೂ ತೂಗಿದರು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದು ಮಗು ಬೆಂಚಿನಿಂದ ಜಾರಿ ಕೆಳಗೆ ಬಿತ್ತು. ಭಾವನಿಗೆ ಖುಷಿಯೋ ಖುಷಿ. ನನ್ನ ಕಡೆ ನೋಡಿ, ಹೇಗೆ ಎಂದು ಹುಬ್ಬು ಹಾರಿಸಿದರು. ನಾನು ಕತ್ತು ಕೆರೆದುಕೊಂಡೆ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಅಕ್ಕ ಕ್ಲಿನಿಕ್ಕಿಗೆ ಬಂದಳು, ನಲ್ಲಿಗೆ ಬಂದಳು. ಆಮೇಲೆ ಆ ಮನುಷ್ಯ ಕೈ ಹಿಡಿದು ನಿಂತ, ತನ್ನ ಕೈ ಜೋಮು ಹಿಡಿದರೂ ಬಿಡಲಿಲ್ಲ, ಅತ್ತ ಎಂದಳು. ಮಕ್ಕಳ ನಗು ನಿಂತಿತು. ಭಾವನ ಕೈ ಕೆನ್ನೆಯ ಮೇಲೆ ಬೆರಳು ಇಳಿಸಿ ‘ಅತ್ತ’ ಎಂದು ಹೇಳಿ, ಮುಂದಿನ ಅಪ್ಪಣೆಗೆ ಕಾಯುತ್ತ ಗಾಳಿಯಲ್ಲಿ ನಿಂತಿತ್ತು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಮಕ್ಕಳು ಯಾಕೆ ನಗುವುದನ್ನು ಬಿಟ್ಟರು ಎಂದು ಭಾವ ಗಾಬರಿಯಿಂದ ಅಕ್ಕನನ್ನು ಕೇಳಿದರು. ಅವಳು ಪಾಠ ತೆಗೆದಳು.

ಆ ದಿನಗಳಲ್ಲಿ ಭಾವ ಇನ್ನೊಂದು ಕೆಲಸವನ್ನೂ ಮಾಡಿದರು. ದಪ್ಪ ಮೀಸೆಯ ತರಬೇತುದಾರರನ್ನು ಹುಡುಕಿಕೊಂಡು ಹೋಗಿ, ತಪ್ಪಿಸಿಕೊಂಡ ಪಾಠವನ್ನು ಮೊದಲಿಂದ ಕೊನೆಯವರೆಗೆ ಹೇಳಿಸಿಕೊಂಡು ಬಂದರು. ಅದರ ಪರೀಕ್ಷೆಯೂ ಬೇಗನೆ ಬಂತು. ಓನರಮ್ಮ ಇಸ್ತ್ರಿಪೆಟ್ಟಿಗೆಗೆ ಅಂಗೈ ತಾಗಿಸಿಕೊಂಡು, ಬೆಣ್ಣೆ ಬೆಣ್ಣೆ ಎಂದು ಕೂಗುತ್ತ ಮೆಟ್ಟಿಲಿಗೆ ಬಂದರು. ಪೋಸ್ಟ್‌ಮಾಸ್ಟರು ಅಭ್ಯಾಸದಂತೆ ಶಾಯಿಬುಡ್ಡಿಗೆ ಕೈ ಹಾಕಿ, ಹಾಕಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದರು. ಭಾವ ಅಡ್ಡ ನಿಂತು, “ಬೇಡ,” ಎಂದರು. ಆ ಕಟ್ಟಡದಲ್ಲಿ ಅವರು ಒಬ್ಬರಿಗೆ ಎದುರಾಗಿ ಆ ಮಾತು ಆಡಿದ್ದು ಅದೇ ಮೊದಲು, ಅದೂ ಬಾಡಿಗೆ ತೆಗೆದುಕೊಳ್ಳುವವರಿಗೆ. ಬಳೆ ಉಂಗುರ ಬಿಚ್ಚಿಸಿ, ನಲ್ಲಿಯ ಕೆಳಗೆ ಕೈ ಹಿಡಿಸಿ, ಗಡಿಯಾರದ ಮೇಲೆ ಕಣ್ಣಿಟ್ಟು ನಿಂತರು. ಓನರಮ್ಮ ನೀರಿನ ಬಿಲ್ಲನ್ನು ನೆನೆದು ಬೈಯುತ್ತಲೇ ಇದ್ದರು. ಆಮೇಲೆ ಗಾಯಕ್ಕೆ ಒಗೆದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ, ಟ್ಯಾಕ್ಸಿಯಲ್ಲಿ ಅದೇ ನರ್ಸಮ್ಮನ ಹತ್ತಿರ ಕರೆದುಕೊಂಡು ಹೋದರು. ನರ್ಸಮ್ಮ ತೆಗೆಯಲು ಯಾವ ಪದರವೂ ಸಿಗದೆ ಭಾವನ ಮುಖವನ್ನೇ ಎರಡು ಸಲ ನೋಡಿದರಂತೆ.

ಅಕ್ಕನ ಬ್ಯಾಂಡೇಜು ಬಿಚ್ಚಿದರು. ಹೊಸ ಚರ್ಮ ತೆಳ್ಳಗೆ, ಗುಲಾಬಿ ಬಣ್ಣಕ್ಕೆ ಬಂದಿತ್ತು. ಉಳಿದ ಬೆರಳುಗಳು ಸರಿಯಾಗಿದ್ದವು, ಆ ಎರಡು ಮಾತ್ರ ಬಿಗಿ. ದಿನಾ ಮಡಚಿ ಬಿಡಿಸಬೇಕು ಎಂದಿದ್ದರು ಡಾಕ್ಟರು. ಬೆಳಿಗ್ಗೆ ಸಂಜೆ ಭಾವ ಎದುರು ಕೂತು, ತಮ್ಮ ಬೆರಳನ್ನೂ ಜೊತೆಗೆ ಮಡಚುತ್ತ ಬಿಡಿಸುತ್ತ ಅವಳಿಂದ ಮಾಡಿಸುತ್ತಿದ್ದರು. ಉಂಗುರದ ಬೆರಳು ಹೇಗೋ ದಾರಿಗೆ ಬಂತು. ಕಿರುಬೆರಳು ಮಾತ್ರ ಅರ್ಧಕ್ಕೆ ನಿಂತುಬಿಡುತ್ತಿತ್ತು. ಆಗೆಲ್ಲ ಭಾವ ಎದ್ದುಹೋಗಿ ಕಿಟಕಿಯ ಹತ್ತಿರ ನಿಲ್ಲುತ್ತಿದ್ದರು. ಕತ್ತರಿಸಿದ ಉಂಗುರವನ್ನು ಅವರು ಇನ್ನೂ ಜೇಬಿನಲ್ಲೇ ಇಟ್ಟುಕೊಂಡಿದ್ದರು, ಬ್ಯಾಡ್ಜು ಇದ್ದ ಜೇಬಿನಲ್ಲಿ. ಬೆರಳು ಸರಿಯಾಗುವ ತನಕ ಬೆಸುಗೆಗೆ ಕೊಡುವುದಿಲ್ಲ ಎಂದಿದ್ದರು.

ಒಂದು ದಿನ ಶಾಲೆ ಬಿಡುವ ಹೊತ್ತಿಗೆ ನಾನೂ ಭಾವನೂ ಅಕ್ಕನನ್ನು ಕರೆತರಲು ಹೋದೆವು. ಮಕ್ಕಳೆಲ್ಲ ಬಾಗಿಲಿಗೆ ಬಂದು ಭಾವನನ್ನು ಸುತ್ತುಗಟ್ಟಿದರು. ಅವರಲ್ಲಿ ಏನೋ ಗುಸುಗುಸು, ಅಂದರೆ ಬೆರಳುಗಳದ್ದು. ಕೊನೆಗೆ ಎಲ್ಲರೂ ಒಟ್ಟಿಗೆ ಒಂದು ಸನ್ನೆ ಮಾಡಿದರು. ಎಡಗೈಯನ್ನು ಬೋರಲಾಗಿ ಚಾಚಿ, ಅದರ ಮೇಲೆ ಬಲಗೈಯ ಐದೂ ಬೆರಳುಗಳನ್ನು ಅಲುಗಿಸುತ್ತ ಮೇಲಿನಿಂದ ಕೆಳಗೆ ಇಳಿಸಿದರು. ನೀರು ಬೀಳುವ ಹಾಗೆ. ಆಮೇಲೆ ಭಾವನ ಕಡೆ ಬೆರಳು ತೋರಿಸಿದರು.

ನನಗೆ ಗೊತ್ತಾಯಿತು. ಭಾವನಿಗೆ ಗೊತ್ತಾಗಲಿಲ್ಲ. ಏನಂತೆ ಎಂದು ಅಕ್ಕನನ್ನು ಕೇಳಿದರು.

“ನಿಮ್ಮ ಹೆಸರಂತೆ,” ಎಂದಳು ಅಕ್ಕ. “ಕೈ ಮೇಲೆ ನೀರು.”

ಎಷ್ಟು ವರ್ಷ ಕಾದ ಹೆಸರು ಅದು. ಕೇಕಿನ ಸುಳಿವೇ ಇರಲಿಲ್ಲ ಅದರಲ್ಲಿ. ಭಾವ ಬಾಯಿ ತೆರೆದು ನಿಂತರು. ಅವರಿಗೆ ಸರಿಯಾಗಿ ಕಾಣಲಿಲ್ಲವೇನೋ ಎಂದುಕೊಂಡು ಅಕ್ಕ ತಾನೇ ಮಾಡಿ ತೋರಿಸಿದಳು. ಎಡಗೈ ಚಾಚಿ, ಅದರ ಮೇಲೆ ಬಲಗೈಯನ್ನು ಮೆಲ್ಲಗೆ ಇಳಿಸಿದಳು. ನಾಲ್ಕು ಬೆರಳುಗಳು ಅಲುಗಿದವು. ಕಿರುಬೆರಳು ತಡವರಿಸಿತು, ಆಮೇಲೆ ಅದೂ ಅಲುಗಿತು.

ಭಾವ ಹೆಸರನ್ನು ನೋಡುತ್ತಿರಲಿಲ್ಲ, ಬೆರಳನ್ನು ನೋಡುತ್ತಿದ್ದರು.

“ಇನ್ನೊಂದ್ಸಲ ಕರಿ,” ಎಂದರು.

ಅಕ್ಕ ಇನ್ನೊಂದು ಸಲ ಕರೆದಳು.